ತಡವಾದದ್ದಕ್ಕೆ ಕಾರಣ

ಎಲ್ಲಕ್ಕೂ ಮೂಲ ಎರಡನೇ ಮಹಡಿಯ ಗುಮಾಸ್ತನ ನಿದ್ದೆ. ಆತ ಆವತ್ತು ಹೊತ್ತಿಗೆ ಸರಿಯಾಗಿ ಎದ್ದಿದ್ದರೆ ಮೂರನೇ ಮಹಡಿಯ ಕತೆಗಾರನ ಕೆನ್ನೆ ಊದಿಕೊಳ್ಳುತ್ತಿರಲಿಲ್ಲ. ಆದರೆ ಗುಮಾಸ್ತನ ನಿದ್ದೆಯೆಂದರೆ ಸಾಮಾನ್ಯದ್ದಲ್ಲ. ಅವನ ಅಲಾರಾಂ ಹೊಡೆದರೆ ಮೇಲಿನ ಮನೆಯವರು ಏಳುತ್ತಿದ್ದರು, ಕೆಳಗಿನ ಮನೆಯವರು ಏಳುತ್ತಿದ್ದರು, ಅವನೊಬ್ಬ ಮಾತ್ರ ಮಗ್ಗುಲು ಬದಲಿಸುತ್ತಿದ್ದ.

ಅಲಾರಾಂ ಸದ್ದಿಗೆ ಎದ್ದ ಕತೆಗಾರ ಹಲ್ಲುಜ್ಜಿ ಬರುವಷ್ಟರಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಾಗಿತ್ತು. ಶಾಲೆಯ ಸಮವಸ್ತ್ರ ಹೊಲಿದು ಮನೆ ನಡೆಸುತ್ತಿದ್ದವಳು ಆಕೆ. ಯಂತ್ರ ನಿಲ್ಲಿಸದೆಯೇ ಮಾತು ತೆಗೆದಳು.

"ರೀ, ಇವತ್ತು ಸಂಜೆಯೊಳಗೆ ನಿಮ್ಮ ಕತೆಯಿಂದ ಬಂದ ದುಡ್ಡು ಅಂತ ಏನಾದ್ರೂ ಈ ಕೈಗೆ ಬೀಳ್ಬೇಕು. ಇಲ್ಲಾಂದ್ರೆ ನಾಳೆ ಒಂಬತ್ತಕ್ಕೆ ನನ್ನ ತಮ್ಮನ ಅಂಗಡೀಲಿ ಇರ್ತೀರಿ. ಅವನಿಗೆ ಮಾತು ಕೊಟ್ಟಾಗಿದೆ."

ತಮ್ಮನದು ನಲ್ಲಿ ಅಂಗಡಿ. ಬಚ್ಚಲ ನಲ್ಲಿ, ಅಡುಗೆಮನೆ ನಲ್ಲಿ, ಬಿಸಿನೀರಿಗೊಂದು ತಣ್ಣೀರಿಗೊಂದು. ಬರುವವರಿಗೆಲ್ಲ ನಲ್ಲಿ ತಿರುಗಿಸಿ ತೋರಿಸುವುದು ಅಲ್ಲಿನ ಕೆಲಸ. ನೀರು ಮಾತ್ರ ಬರುವುದಿಲ್ಲ. ಇದನ್ನು ನೆನೆದರೇ ಕತೆಗಾರನ ಗಂಟಲು ಒಣಗುತ್ತಿತ್ತು.

"ಸ್ವಲ್ಪ ತಾಳ್ಮೆ ಇರ್ಲಿ ಕಣೇ. ದೊಡ್ಡ ಬರಹಗಾರರನ್ನ ಜನ ಗುರುತಿಸೋದು ನಿಧಾನ."

"ನಿಮ್ಮನ್ನ ಮನೆ ಓನರ್ ಗುರುತಿಸಿಬಿಟ್ಟಿದ್ದಾರೆ. ಬೀದೀಲಿ ಎಲ್ಲಿ ಸಿಕ್ರೂ ಬಾಡಿಗೆ ಕೇಳ್ತಾರೆ."

ಕತೆಗಾರ ಎರಡು ಪುಸ್ತಕ ಅಚ್ಚು ಹಾಕಿಸಿದ್ದ. ಮೊದಲನೆಯದರ ಪ್ರತಿಗಳು ಮಂಚದ ಕೆಳಗಿದ್ದವು. ಎರಡನೆಯದು ಬಂದ ಮೇಲೆ ಮಂಚವೇ ಪ್ರತಿಗಳ ಮೇಲಿತ್ತು. ಹಾಗೆಂದು ಅವನಿಗೆ ತನ್ನ ಮೇಲಿದ್ದ ನಂಬಿಕೆ ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಓದುಗನೊಬ್ಬ ಹುಟ್ಟಿಯೇ ಇರುತ್ತಾನೆ, ಎಲ್ಲೋ ಕೂತು ತನಗಾಗಿ ಕಾಯುತ್ತಿರುತ್ತಾನೆ, ವಿಳಾಸ ಗೊತ್ತಿಲ್ಲ ಅಷ್ಟೇ ಎಂದು ಅವನು ತಿಳಿದಿದ್ದ.

ಹೆಂಡತಿ ಹೊಲಿದ ಬಟ್ಟೆಯ ಗಂಟು ಹೊತ್ತು ಶಾಲೆಗೆ ಹೊರಟಳು. ಅವಳು ಮೆಟ್ಟಿಲಿಳಿದದ್ದೇ ತಡ, ಯಾರೋ ಬಾಗಿಲನ್ನು ಮುರಿಯುವ ಹಾಗೆ ಬಡಿದರು. ತೆರೆದರೆ ಗುಮಾಸ್ತ. ಅಂಗಿಯ ಗುಂಡಿ ಒಂದರ ತೂತಿಗೆ ಇನ್ನೊಂದು ಸಿಕ್ಕಿತ್ತು, ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತು.

"ಸಾರ್, ಕೆಟ್ಟೆ! ಇವತ್ತೂ ಲೇಟು. ಒಂದು ಕಾರಣ ಕೊಡಿ."

"ಯಾರಿಗೆ?"

"ನಮ್ಮ ಮ್ಯಾನೇಜರ್ ಸಾಹೇಬ್ರಿಗೆ!"

ಗುಮಾಸ್ತನ ಕಚೇರಿಯಲ್ಲಿ ಒಂದು ವಿಚಿತ್ರ ಕಾನೂನಿತ್ತು. ತಡವಾಗಿ ಬಂದವರು ಅರ್ಜಿ ಬರೆದುಕೊಡುವ ಹಾಗಿಲ್ಲ. ಮ್ಯಾನೇಜರ ಮೇಜಿನ ಮುಂದೆ ನಿಂತು ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಮನಸ್ಸಿಗೆ ಬಂದರೆ "ಹೋಗಿ, ಕೆಲಸ ನೋಡಿ" ಎನ್ನುತ್ತಾರೆ. ಬಾರದಿದ್ದರೆ ಅರ್ಧ ದಿನದ ಸಂಬಳ ಕಟ್.

"ನಲ್ಲಿ ಕೆಟ್ಟಿದ್ದು ಹೇಳಿದ್ದಾಯ್ತು, ಬಸ್ಸು ಕೆಟ್ಟಿದ್ದು ಹೇಳಿದ್ದಾಯ್ತು, ಹೊಟ್ಟೆ ಕೆಟ್ಟಿದ್ದೂ ಹೇಳಿದ್ದಾಯ್ತು" ಎಂದು ಗುಮಾಸ್ತ ಕೈ ಚೆಲ್ಲಿದ. "ಇನ್ನು ಕೆಡೋದಕ್ಕೆ ನನ್ನ ಹತ್ರ ಏನೂ ಉಳಿದಿಲ್ಲ ಸಾರ್. ನೀವು ಇಲ್ಲದ್ದನ್ನ ಇದೆ ಅನ್ನೋದ್ರಲ್ಲಿ ಪಳಗಿದೋರು. ಉಳಿಯೋ ಸಂಬಳದಲ್ಲಿ ಅರ್ಧ ನಿಮಗೆ!"

ದುಡ್ಡು! ಕತೆಗಾರನ ಕಿವಿ ನೆಟ್ಟಗಾಯಿತು. ಕಾರಣವೆಂದರೇನು, ಅದೂ ಒಂದು ಕತೆಯೇ ಅಲ್ಲವೇ? ಅವನು ಗತ್ತಿನಿಂದ ಕಿಟಕಿಯ ಬಳಿ ಹೋಗಿ ನಿಂತ. ಬರೆಯುವ ಮೊದಲು ಹೊರಗೆ ನೋಡಿ, ಕಣ್ಣಿಗೆ ಬಿದ್ದ ಯಾವುದಾದರೊಂದು ನಿಜವಾದ ವಸ್ತುವಿಗೆ ಕತೆಯನ್ನು ನೇತುಹಾಕುವುದು ಅವನ ಅಭ್ಯಾಸ. ಆವತ್ತು ಬಸ್ ನಿಲ್ದಾಣದ ಎದುರಿನ ಹಾಸಿಗೆ ಅಂಗಡಿ ಕಣ್ಣಿಗೆ ಬಿತ್ತು. ಅದಕ್ಕೆ ಹಸಿರು ಬಾಗಿಲು. ಮೇಲಿನ ಫಲಕದಲ್ಲಿ 'ಅಣ್ಣ ತಮ್ಮ ಹಾಸಿಗೆ ಅಂಗಡಿ' ಎಂದು ಬರೆಸಿ, ಆಮೇಲೆ ಯಾವಾಗಲೋ 'ಅಣ್ಣ' ಎಂಬುದರ ಮೇಲೆ ಬಣ್ಣ ಬಳಿದಿದ್ದರು.

"ಕೇಳು" ಎಂದ ಕತೆಗಾರ. "ನೀನು ಬಸ್ಸಿಗೆ ಅಂತ ಬೇಗನೇ ಹೊರಟಿದ್ದೆ. ಅಲ್ಲೊಬ್ಬ ಮುದುಕ, ದಪ್ಪ ಗಾಜಿನ ಕನ್ನಡಕ, ರಸ್ತೆ ದಾಟಿಸು ಅಂತ ನಿನ್ನ ಕೈ ಹಿಡ್ಕೊಂಡ. ದಾಟಿಸಿದೆ. ಎದುರಿಗೆ ಹಸಿರು ಬಾಗಿಲಿನ ಅಂಗಡಿ. ಮುದುಕ ಬಾಗಿಲು ನೋಡಿದ, ನಡುಗಿದ, ವಾಪಸ್ ಕರ್ಕೊಂಡು ಹೋಗು ಅಂದ. ಹೋದೆ. ಈ ಕಡೆ ಬಂದು ನಿಂತ ಮೇಲೆ ಮತ್ತೆ ದಾಟಿಸು ಅಂದ."

"ಯಾಕಂತೆ? ತಲೆ ಕೆಟ್ಟಿತ್ತಾ?"

"ಅಂಗಡೀಲಿರೋದು ಅವನ ತಮ್ಮ. ಇಪ್ಪತ್ತು ವರ್ಷದಿಂದ ಮಾತಿಲ್ಲ. ಬಾಗಿಲು ತಟ್ಟೋಕೆ ಧೈರ್ಯ ಸಾಲ್ದು, ಬಿಟ್ಟು ಹೋಗೋಕೆ ಮನಸ್ಸು ಬರ್ದು. ನಿನಗೆ ಕೈ ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ. ದಾಟಿಸಿದ್ದೇ ದಾಟಿಸಿದ್ದು. ಹೊತ್ತು ಹೋಯ್ತು."

ಗುಮಾಸ್ತನ ಕಣ್ಣಲ್ಲಿ ನೀರಾಡಿತು. "ಸಾರ್, ಅಷ್ಟೆಲ್ಲ ಮಾಡೋವಷ್ಟು ಒಳ್ಳೆಯವನಾ ನಾನು?"

"ಇವತ್ತೊಂದಿನ ಆಗು" ಎಂದು ಕತೆಗಾರ ಅವನ ಗುಂಡಿ ಸರಿಮಾಡಿ ಕಳಿಸಿದ.

ಒಂದು ಗಂಟೆಯೊಳಗೆ ಫೋನು ಬಂತು. ಗುಮಾಸ್ತ ಕಚೇರಿಯ ಶೌಚಾಲಯದಿಂದ ಪಿಸುಗುಟ್ಟುತ್ತಿದ್ದ. ಹಿಂದೆ ಯಾರೋ ನೀರು ಬಿಟ್ಟ ಸದ್ದು.

"ಸಾರ್, ಸಂಬಳ ಉಳೀತು. ಆದ್ರೆ ಸಾಹೇಬ್ರು ಕಣ್ಣು ಮುಚ್ಕೊಂಡೇ 'ಆಮೇಲೆ?' ಅಂದ್ರು. ಆಮೇಲೆ ಏನು ಸಾರ್?"

ಕತೆಗಾರನಿಗೆ ಎದೆಯೊಳಗೆ ಏನೋ ಜುಮ್ಮೆಂದಿತು. ಇಷ್ಟು ವರ್ಷ ಬರೆದದ್ದಕ್ಕೆ ಸಂಪಾದಕರು 'ವಿಷಾದಿಸುತ್ತೇವೆ' ಎಂದಿದ್ದರು, ಹೆಂಡತಿ 'ದೀಪ ಆರಿಸಿ' ಎಂದಿದ್ದಳು. 'ಆಮೇಲೆ?' ಎಂದು ಯಾರೂ ಕೇಳಿರಲಿಲ್ಲ. ಅವನು ಕಾಯುತ್ತಿದ್ದ ಓದುಗ ಒಬ್ಬ ಮ್ಯಾನೇಜರಾಗಿ ಒಂದು ಮೇಜಿನ ಹಿಂದೆ ಕೂತಿದ್ದ!

"ಇನ್ನೂ ಏನು ಕೇಳಿದ್ರು?"

"ಮುದುಕನ ಕೈ ಬಿಸಿ ಇತ್ತಾ ತಣ್ಣಗಿತ್ತಾ ಅಂದ್ರು. ಕನ್ನಡಕಕ್ಕೆ ದಾರ ಕಟ್ಟಿತ್ತಾ ಅಂದ್ರು. ನಾನು ಗೊತ್ತಿಲ್ಲ ಅಂದೆ."

"ಅಯ್ಯೋ, ಎಂಥಾ ಪ್ರಶ್ನೆ! ಕೈ ತಣ್ಣಗಿತ್ತು ಅನ್ನು. ಅಂಗೈ ಮಾತ್ರ ಬೆವರಿತ್ತು ಅನ್ನು. ಮುದುಕನ್ನ ನಿಲ್ದಾಣದಲ್ಲೇ ಬಿಟ್ಟು ಬಂದೆ, ಏನಾದನೋ ಗೊತ್ತಿಲ್ಲ ಅನ್ನು."

ಇದರ ಫಲ ಯಾರೂ ಊಹಿಸದಂಥದ್ದು. ಮ್ಯಾನೇಜರು ಮೇಜು ಗುದ್ದಿ, "ಅಲ್ರೀ, ಅಂಥಾ ಹೊತ್ತಲ್ಲಿ ಬಿಟ್ಟು ಬರೋದಾ? ಹೋಗಿ, ಏನಾಯ್ತು ನೋಡ್ಕೊಂಡು ಬನ್ನಿ!" ಎಂದು ಗುಮಾಸ್ತನನ್ನು ಕಚೇರಿಯ ಖರ್ಚಿನಲ್ಲಿ ಹೊರಗೆ ಅಟ್ಟಿದರು. ಅವನು ನೆಟ್ಟಗೆ ಮನೆಗೆ ಬಂದು ಮಲಗಿದ.

ಸುದ್ದಿ ಕಚೇರಿಯಲ್ಲೆಲ್ಲ ಹಬ್ಬಿತು. ಕತೆಗಾರನ ಕಟ್ಟಡದಲ್ಲೇ ಮೊದಲ ಮಹಡಿಯಲ್ಲಿದ್ದ, ಆವತ್ತು ತಾವೂ ತಡವಾಗಿ ಹೋಗಿದ್ದ ಕ್ಯಾಷಿಯರಮ್ಮ ಫೋನು ಮಾಡಿ, "ನಮ್ಮವರೇ ಆಗಿ ಅವನಿಗೊಬ್ಬನಿಗೇ ಕೊಡ್ತೀರಾ?" ಎಂದು ದಬಾಯಿಸಿದರು. ಅವರಿಗೆ ಕತೆಗಾರ ಲಿಫ್ಟಿನ ಕತೆ ಕೊಟ್ಟ: ವಿಚ್ಛೇದನಕ್ಕೆಂದು ವಕೀಲರ ಕಚೇರಿಗೆ ಹೊರಟ ಗಂಡಹೆಂಡತಿಯ ಜೊತೆ ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು, ಲಿಫ್ಟು ತೆರೆಯುವ ಹೊತ್ತಿಗೆ ಅವರಿಬ್ಬರೂ ಒಂದಾಗಿ, ಇವರ ಜೊತೆ ಜಗಳಕ್ಕೆ ನಿಂತದ್ದು. ಎದುರುಮನೆಯಲ್ಲಿದ್ದ, ಅದೇ ಕಚೇರಿಯ ಸ್ಟೋರ್‌ಕೀಪರಿಗೆ ಕಳ್ಳನ ಕತೆ: ಕದ್ದ ಬೂಟು ಕಾಲು ಕಚ್ಚುತ್ತದೆಂದು ವಾಪಸು ಕೊಡಲು ಬಂದವನು, ಬೇರೆ ಅಳತೆಯದು ಕೊಡುವವರೆಗೂ ಏಳುವುದಿಲ್ಲವೆಂದು ಹೊಸ್ತಿಲಲ್ಲಿ ಕೂತದ್ದು. ಮ್ಯಾನೇಜರು ಎಲ್ಲವನ್ನೂ ಮೈಯೆಲ್ಲ ಕಿವಿಯಾಗಿ ಕೇಳಿದರು. ಎಲ್ಲರನ್ನೂ 'ಆಮೇಲೆ' ಏನಾಯಿತೆಂದು ತಿಳಿದುಬರಲು ಹೊರಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಚೇರಿ ಮನೆಯಲ್ಲಿ ಕಾಲು ಚಾಚಿಕೊಂಡಿತ್ತು, ಕತೆಗಾರನ ಜೇಬು ಭಾರವಾಗಿತ್ತು.

ಅವನು ಹಿರಿಹಿರಿ ಹಿಗ್ಗಿದ. ಕನ್ನಡಿಯ ಮುಂದೆ ನಿಂತು ಕೂದಲನ್ನು ಸ್ವಲ್ಪ ಕೆದರಿಕೊಂಡು ನೋಡಿದ. ಬರವಣಿಗೆಯಿಂದ ಬದುಕುವವರು ಹೀಗೆಯೇ ಕಾಣುತ್ತಾರೆಂದು ಅವನಿಗೆ ಮೊದಲಿಂದಲೂ ಅನುಮಾನವಿತ್ತು. ಮುಂದಿನ ತಿಂಗಳಿಂದ ಉದ್ರಿ ಕೊಡಬಾರದು, ಕಣ್ಣೀರು ಬರುವ ಕತೆಗೆ ಬೇರೆ ದರ ಇಡಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದಾಗ ಗುಮಾಸ್ತ ಮತ್ತೆ ಬಾಗಿಲಲ್ಲಿ ಪ್ರತ್ಯಕ್ಷನಾದ. ಈ ಸಲ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಸಾರ್, ಮುದುಕ ಇನ್ನೂ ಅಲ್ಲೇ ನಿಂತಿದ್ದಾನೆ ಅಂತ ಫೋನಲ್ಲಿ ಹೇಳ್ಬಿಟ್ಟೆ."

"ಒಳ್ಳೇದೇ ಆಯ್ತು. ಕುತೂಹಲ ಉಳಿಯುತ್ತೆ."

"ಸಾಹೇಬ್ರು ತಾವೇ ಬರ್ತಿದ್ದಾರೆ ಸಾರ್! ಈಗ್ಲೇ ಹೊರಟ್ರು! ಮುದುಕ ಇಲ್ದೇ ಹೋದ್ರೆ ನನ್ನ ಕೆಲಸ ಹೋಯ್ತು. ನಾನು ಹೋದ್ರೆ ಕ್ಯಾಷಿಯರಮ್ಮನ್ನ ಬಿಡಲ್ಲ, ಸ್ಟೋರ್‌ಕೀಪರನ್ನ ಬಿಡಲ್ಲ, ಎಲ್ರನ್ನೂ ಎಳೀತೀನಿ. ಅವರೆಲ್ಲ ನಿಮ್ಮನ್ನ ಎಳೀತಾರೆ!"

ಕತೆಗಾರ ಕ್ಷಣಕಾಲ ಕಣ್ಣು ಕಣ್ಣು ಬಿಟ್ಟ. ಆಮೇಲೆ ಎದೆಯುಬ್ಬಿಸಿ, "ಪಾತ್ರ ಹುಟ್ಟಿಸಿದವನಿಗೆ ಪಾತ್ರ ಆಗೋದು ಕಷ್ಟವೇನಲ್ಲ" ಎಂದ. ಹೆಂಡತಿಯ ಹೊಲಿಗೆ ಸೀಮೆಸುಣ್ಣವನ್ನು ಪುಡಿಮಾಡಿ ತಲೆಗೂ ಹುಬ್ಬಿಗೂ ಹಚ್ಚಿಕೊಂಡ. ತೀರಿಹೋದ ಅಪ್ಪನ ದಪ್ಪ ಗಾಜಿನ ಕನ್ನಡಕವನ್ನು ಪೆಟ್ಟಿಗೆಯಿಂದ ತೆಗೆದು, ಹಳೆಯ ಮಫ್ಲರು ಸುತ್ತಿ, ಬಟ್ಟೆ ಅಳೆಯುವ ಗಜಕೋಲನ್ನು ಊರುಗೋಲು ಮಾಡಿಕೊಂಡು ಹೊರಟ. ಕನ್ನಡಕ ಹಾಕಿಕೊಂಡ ಮೇಲೆ ಅವನಿಗೆ ಏನೂ ಕಾಣಿಸಲಿಲ್ಲವಾದ್ದರಿಂದ ಮೆಟ್ಟಿಲಿನಲ್ಲಿ ಅಭಿನಯ ಬೇಕಾಗಲಿಲ್ಲ.

ನಿಲ್ದಾಣದಲ್ಲಿ ಕಾರು ನಿಂತ ಸದ್ದಾಯಿತು. ಮೆತ್ತನೆಯ ದನಿಯೊಂದು ಕಿವಿಯ ಬಳಿ, "ಅಜ್ಜಾ, ರಸ್ತೆ ದಾಟಿಸ್ಲಾ?" ಎಂದಿತು. ಬೆಣ್ಣೆಯಂಥ ದನಿ. ತನ್ನ ಏಕಮಾತ್ರ ಓದುಗನ ಕೈಯನ್ನು ಕತೆಗಾರ ಭಕ್ತಿಯಿಂದ ಹಿಡಿದುಕೊಂಡ.

ದಾಟಿದರು. ಹಸಿರು ಬಣ್ಣದ ಮಬ್ಬೊಂದು ಎದುರಾದಾಗ ಕತೆಗಾರ ನಡುಗಿ, "ಬೇಡ ಮಗಾ, ವಾಪಸ್" ಎಂದ. ವಾಪಸು ಬಂದರು. ಮತ್ತೆ ದಾಟಿದರು. ಬಸ್ಸುಗಳು ಹಾರ್ನ್ ಹೊಡೆದವು, ಒಬ್ಬ ಆಟೋದವನು ಇಬ್ಬರಿಗೂ ಸೇರಿಸಿ ಬೈದ. ಮ್ಯಾನೇಜರಿಗೆ ಬೇಸರವೇ ಇಲ್ಲ.

"ಬಾಗಿಲು ನೋಡ್ದಾಗ ಎದೇಲಿ ಏನಾಗುತ್ತೆ ಅಜ್ಜಾ? ಯಾವ ಥರ?"

ಕತೆಗಾರ ಇಂಥ ಪ್ರಶ್ನೆಗಾಗಿಯೇ ಜೀವಮಾನವಿಡೀ ಕಾದವನು. "ನಾನು ಬಾಗಿಲು ತಟ್ಟೋಕೆ ಹೋದ್ರೆ, ಬಾಗಿಲೇ ನನ್ನೆದೆ ತಟ್ಟಿದ ಹಾಗಾಗುತ್ತೆ ಮಗಾ" ಎಂದ.

"ಆಹಾ!" ಎಂದರು ಮ್ಯಾನೇಜರು. ಅದನ್ನೇ ಬಾಯಲ್ಲಿ ಎರಡು ಸಲ ಹೇಳಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ, "ಇಷ್ಟು ದೂರ ಬಂದು ಹಿಂದೆ ಹೋಗೋದು ಬೇಡ, ಬನ್ನಿ" ಎಂದು ಕತೆಗಾರನ ರಟ್ಟೆ ಹಿಡಿದು, ಬಾಗಿಲು ನೂಕಿ ಒಳಗೆ ಎಳೆದೊಯ್ದರು. ಇದು ಕತೆಯಲ್ಲಿ ಇರಲಿಲ್ಲ.

"ನೋಡಿ, ನಿಮ್ಮ ಅಣ್ಣ ಬಂದಿದ್ದಾರೆ!"

ಒಳಗೆ ಹತ್ತಿ ಬಡಿಯುತ್ತಿದ್ದ ಸದ್ದು ನಿಂತಿತು. ಫಲಕದ ಮೇಲಿನ ಒಂದು ಪದಕ್ಕೆ ಬಣ್ಣ ಬಳಿದಿದ್ದರೆ, ಬಣ್ಣ ಬಳಿದವನೊಬ್ಬ ಇದ್ದೇ ಇರುತ್ತಾನೆ, ಅವನಿಗೊಂದು ಕಾರಣವೂ ಇರುತ್ತದೆ ಎಂಬುದು ಕತೆಗಾರನ ತಲೆಗೆ ಆಗ ಹೊಳೆಯಿತು. ಎದ್ದುನಿಂತವನು ದಿನವಿಡೀ ಹತ್ತಿ ಬಡಿದು ಬಡಿದು ತೋಳು ಬೆಳೆಸಿದ ಆಸಾಮಿ.

"ಬಂದ್ಯಾ?" ಎಂದ ಹಾಸಿಗೆಯವನು. "ಇಪ್ಪತ್ತು ವರ್ಷ ಆದ್ಮೇಲೆ ಬಂದ್ಯಾ?" ಎನ್ನುತ್ತ ಹತ್ತಿರ ಬಂದು, ಇಪ್ಪತ್ತು ವರ್ಷಕ್ಕೂ ಸೇರಿಸಿ ಒಂದೇ ಒಂದು ಏಟು ಕೊಟ್ಟ.

ಕತೆಗಾರ ಸುರುಳಿ ಸುತ್ತಿಟ್ಟ ಹಾಸಿಗೆಗಳ ಮೇಲೆ ಹೋಗಿ ಬಿದ್ದ. ಸುತ್ತಲೂ ಹತ್ತಿ ಹಾರಾಡಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಕೆನ್ನೆ ಹಿಡಿದುಕೊಂಡು ಏಳುವಷ್ಟರಲ್ಲಿ ಅದೇ ತೋಳುಗಳು ಅವನನ್ನು ಎತ್ತಿ ಬಿಗಿಯಾಗಿ ಅಪ್ಪಿಕೊಂಡಿದ್ದವು.

"ಅಮ್ಮ ಹೋಗೋವಾಗ್ಲೂ ನಿನ್ನನ್ನೇ ಕೇಳಿದ್ಳಲ್ಲೋ ಅಣ್ಣಾ! ದೊಡ್ಡೋನು ಬಂದ್ನಾ, ದೊಡ್ಡೋನು ಬಂದ್ನಾ ಅಂತ. ಒಂದು ಮಾತಿಗೆ ಹೀಗೆ ಮನೆ ಬಿಟ್ಟು ಹೋಗ್ತಾರೇನೋ?" ಎಂದು ಆ ದೊಡ್ಡ ಗಂಡಸು ಕತೆಗಾರನ ಹೆಗಲ ಮೇಲೆ ಮಗುವಿನ ಹಾಗೆ ಅತ್ತುಬಿಟ್ಟ.

ಕತೆಗಾರನಿಗೆ ನಾಚಿಕೆಯಾಯಿತು. ಪೆಟ್ಟಿನ ಉರಿಗಿಂತ ಅದು ಹೆಚ್ಚು ಸುಟ್ಟಿತು. ಎಷ್ಟೋ ಪಾತ್ರಗಳನ್ನು ಅವನು ಅಳಿಸಿದ್ದುಂಟು, ಆದರೆ ಆ ಕಣ್ಣೀರು ಅಂಗಿಗೆ ತಾಗಿರಲಿಲ್ಲ. 'ನಾನು ನಿನ್ನಣ್ಣ ಅಲ್ಲಪ್ಪಾ' ಎನ್ನಲು ಬಾಯಿ ತೆರೆದ. ಎದುರಿಗೆ ಮ್ಯಾನೇಜರು, ಹಿಂದೆಯೇ ಬಂದು ಬಾಗಿಲಲ್ಲಿ ಕೈಮುಗಿದು ನಿಂತ ಗುಮಾಸ್ತ, ಜೇಬಿನಲ್ಲಿ ಸಂಜೆಗೆ ಬೇಕಾದ ದುಡ್ಡು. ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಹಿಡಿತ ಸ್ವಲ್ಪ ಸಡಿಲವಾದದ್ದೇ ಅವನು ನುಸುಳಿಕೊಂಡು, ಗಜಕೋಲನ್ನೂ ಬಿಟ್ಟು, ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ. ಮುದುಕನೊಬ್ಬ ಅಷ್ಟು ಜೋರಾಗಿ ಓಡಿದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

ಸಂಜೆ ಹೆಂಡತಿ ಬಂದಾಗ ಕತೆಗಾರ ತಲೆ ತೊಳೆದು, ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಹಲ್ಲುನೋವು ಎಂದ. ಎಂದವನೇ ದುಡ್ಡನ್ನೆಲ್ಲ ತೆಗೆದು ಅವಳ ಕೈಗಿಟ್ಟ.

ಅವಳು ಒಮ್ಮೆ ದುಡ್ಡು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. "ನಿಜವಾಗ್ಲೂ ಕತೆಯಿಂದಾನಾ?"

"ಒಂದೊಂದು ರೂಪಾಯೀನೂ."

"ನಾನೇ ಸುಮ್ನೆ ಏನೇನೋ ಅಂದ್ಬಿಟ್ಟೆ ರೀ" ಎಂದು ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ರಾತ್ರಿ ತಮ್ಮನಿಗೆ ಫೋನ್ ಮಾಡಿ ಬರೋದಿಲ್ಲ ಅಂತ ಹೇಳಿಬಿಡ್ತೀನಿ." ಆ ಮಾತು ಕೇಳಿ ಕತೆಗಾರನ ಕೆನ್ನೆಯ ಊತ ಅರ್ಧ ಇಳಿದ ಹಾಗಾಯಿತು.

ಸಂಜೆ ಏಳಕ್ಕೆ ರೇಡಿಯೋದಲ್ಲಿ ಕತೆ ಕೇಳುವುದು ಅವಳ ದಿನಚರಿ. 'ಕತೆ ಮಾಮ' ಎಂಬುವರೊಬ್ಬರು ದಿನಕ್ಕೊಂದು ಕತೆ ಹೇಳುತ್ತಿದ್ದರು. ಕತೆಗಾರ ಆ ಹೊತ್ತಿಗೆ ಹೊಟ್ಟೆಕಿಚ್ಚಿನಿಂದ ವಾಕಿಂಗ್ ಹೋಗಿಬಿಡುತ್ತಿದ್ದ. ಗುಮಾಸ್ತ, ಕ್ಯಾಷಿಯರಮ್ಮ, ಸ್ಟೋರ್‌ಕೀಪರು ಅದನ್ನು ಒಂದು ದಿನವೂ ಕೇಳಿದವರಲ್ಲ. ಮ್ಯಾನೇಜರು ದಿನಾ ಆರಕ್ಕೇ ಏನೋ ಮೀಟಿಂಗ್ ಎಂದು ಹೊರಟುಹೋದರೂ ಈ ಮೂವರಿಗೆ ಬಿಡುಗಡೆ ಏಳೂವರೆಗೆ. ಆವತ್ತು ಮಾತ್ರ ಎಲ್ಲರೂ ಮನೆಯಲ್ಲಿದ್ದರು. ಗೆದ್ದ ಖುಷಿಯಲ್ಲಿ ಕತೆಗಾರನ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು. ಹೆಂಡತಿ ರೇಡಿಯೋ ಹಾಕಿದಳು.

"ಕೇಳುಗರೇ, ಇವತ್ತು ಒಂದು ಹಸಿರು ಬಾಗಿಲಿನ ಕತೆ" ಎಂದಿತು ಬೆಣ್ಣೆಯಂಥ ದನಿ.

ಗುಮಾಸ್ತ ಕೈಯ ಲೋಟವನ್ನು ಕೆಳಗಿಟ್ಟ. "ಅಯ್ಯೋ! ಇದು ನಮ್ಮ ಸಾಹೇಬ್ರ ದನಿ!"

"ಹೌದಲ್ವೇ! ಅವರೇ!" ಎಂದರು ಕ್ಯಾಷಿಯರಮ್ಮ.

"ಶ್!" ಎಂದಳು ಹೆಂಡತಿ.

ಮುದುಕ ಬಂದ. ಕನ್ನಡಕ ಬಂತು. ತಣ್ಣನೆಯ ಕೈ, ಬೆವರಿದ ಅಂಗೈ ಬಂತು. 'ಬಾಗಿಲೇ ಎದೆ ತಟ್ಟಿದ ಹಾಗೆ' ಎಂಬ ಮಾತು ಬಂದಾಗ ಹೆಂಡತಿ "ಆಹಾ, ಎಂಥಾ ಮಾತು!" ಎಂದು ಎದೆ ಮುಟ್ಟಿಕೊಂಡಳು. ಕತೆಗಾರ ಇಂಗು ತಿಂದ ಮಂಗನಂತೆ ಕೂತಿದ್ದ. ಏಟು ಬಂತು, ಅಪ್ಪುಗೆ ಬಂತು, ಅಣ್ಣ ಓಡಿಹೋದದ್ದೂ ಬಂತು. ಕೊನೆಗೆ ದನಿ ಗದ್ಗದವಾಗಿ, "ಅಣ್ಣಾ, ಎಲ್ಲಿದ್ದರೂ ಕೇಳಿಸಿಕೊಳ್ಳಿ. ಬಸ್ ನಿಲ್ದಾಣದ ಎದುರು ಆ ಬಾಗಿಲು ಇನ್ನೂ ಹಸಿರಾಗಿಯೇ ಇದೆ. ನಿಮ್ಮ ತಮ್ಮ ಚಿಲಕ ಹಾಕಿಲ್ಲ" ಎಂದಿತು. ನಾಳೆ ಲಿಫ್ಟಿನಲ್ಲಿ ಸಿಕ್ಕಿಕೊಂಡ ದಂಪತಿಯ ಕತೆ, ನಾಡಿದ್ದು ಬೂಟು ಕದ್ದ ಕಳ್ಳನ ಕತೆ ಎಂದೂ ತಿಳಿಸಿತು.

"ನಂದು! ಅದು ನನ್ನ ಕತೆ!" ಎಂದು ಕತೆಗಾರ ಎದ್ದುನಿಂತ. "ಮಾತು ನಂದು, ಮುದುಕ ನಂದು, ಏಟೂ ನಂದು!"

ಯಾರೂ ಅವನತ್ತ ನೋಡಲಿಲ್ಲ. ಕ್ಯಾಷಿಯರಮ್ಮನ ತಲೆ ಬೇರೆ ದಾರಿಯಲ್ಲಿ ಓಡುತ್ತಿತ್ತು.

"ಅಂದ್ರೆ ದಿನಾ ನಮ್ಮನ್ನ ಎದುರಿಗೆ ನಿಲ್ಲಿಸ್ಕೊಂಡು ಕೇಳ್ತಿದ್ದದ್ದು ಇದಕ್ಕಾ? ಅವರಿಗೆ ಕತೆ ಬೇಕಿತ್ತು. ಹಾಗಿದ್ರೆ ನಮಗೇ ಅವರು ದುಡ್ಡು ಕೊಡ್ಬೇಕಿತ್ತಲ್ಲ! ನಾವ್ಯಾಕೆ ನಿಮಗೆ ಕೊಟ್ವಿ?"

"ಅದೇ ಮತ್ತೆ" ಎಂದ ಸ್ಟೋರ್‌ಕೀಪರು. "ನಾವು ಸುಮ್ನೆ ಕಷ್ಟಪಟ್ಟು ಹೊತ್ತುಕೊಂಡು ಹೋಗಿ ಒಪ್ಪಿಸಿದ್ವಿ. ಕೂಲಿ ನಮಗೆ ಬರ್ಬೇಕು."

"ಸಾರ್, ಬೇಜಾರು ಮಾಡ್ಕೋಬೇಡಿ" ಎಂದು ಗುಮಾಸ್ತ ಮೆಲ್ಲಗೆ ಕೈಚಾಚಿದ. "ನಾನಾದ್ರೂ ಬಾಯಿಬಿಟ್ಟು ಹೇಳ್ದೆ. ನೀವು ಮನೇಲಿ ಕೂತಿದ್ರಿ."

ಕತೆಗಾರ ವಾದ ಮಾಡಿದ. ಕಲೆ ಎಂದ, ಕಲ್ಪನೆ ಎಂದ. ಹೆಂಡತಿ ಸೊಂಟದಿಂದ ದುಡ್ಡು ತೆಗೆದು ಅವರವರದನ್ನು ಅವರವರಿಗೆ ಕೊಟ್ಟಳು. ಬೇರೆಯವರ ದುಡ್ಡು ಮನೆಯಲ್ಲಿಟ್ಟುಕೊಂಡು ಅಭ್ಯಾಸವಿದ್ದವಳಲ್ಲ. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದು ಗಂಡನ ಎದುರು ಕೂತಳು.

"ನಿಮ್ಮದೇ ಕತೆ ಅಂತ ನಾನು ನಂಬ್ತೀನಿ ರೀ. ಚೆನ್ನಾಗಿತ್ತು. ಅಳು ಬಂತು."

ಕತೆಗಾರನ ಮುಖ ಅರಳಿತು. "ನಂಬಿದೆಯಲ್ಲ, ಅಷ್ಟು ಸಾಕು ಬಿಡು."

"ಆದ್ರೆ ನೋಡಿ, ಆ ಕತೆ ಮಾಮ ಕತೆನೂ ಹೇಳ್ತಾರೆ, ದಿನಾ ಒಂಬತ್ತಕ್ಕೆ ಕೆಲಸಕ್ಕೂ ಹೋಗ್ತಾರೆ. ನೀವೂ ಹಾಗೇ ಮಾಡಿ." ತಮ್ಮನಿಗೆ ಅವಳು ಇನ್ನೂ ಫೋನು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಕತೆಗಾರ ಹೊತ್ತಿಗೆ ಮುಂಚೆಯೇ ಹೊರಟ. ಆ ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ. ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಅವನ ತೋಳು ಮುಟ್ಟಿದರು. ವಯಸ್ಸಾದವರು, ಅಗಲ ಎದೆ, ದೊಡ್ಡ ತೋಳುಗಳು, ಕೈಯಲ್ಲೊಂದು ಬಟ್ಟೆಯ ಚೀಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರ ಹಾಗೆ ಅಂಗಿ ಮುದುಡಿತ್ತು.

"ಕಣ್ಣು ಮಂಜು ನನಗೆ. ಆ ಎದುರಿನ ಬಾಗಿಲು ಹಸಿರಾ ನೋಡಪ್ಪಾ" ಎಂದರು. "ನಿನ್ನೆ ರೇಡಿಯೋದಲ್ಲಿ ಹೇಳಿದ್ರು. ನಾನು ಬಂದೇ ಇರ್ಲಿಲ್ಲ, ಬಂದೆ ಅಂದ್ರು. ಇರ್ಲಿ, ಚಿಲಕ ಹಾಕಿಲ್ಲ ಅಂದ್ರಲ್ಲ. ರಸ್ತೆ ದಾಟಿಸ್ತೀಯಾ?"

"ಹಸಿರೇ" ಎಂದ ಕತೆಗಾರ. ಕೈ ಹಿಡಿದುಕೊಂಡ. ತಣ್ಣಗಿತ್ತು, ಅಂಗೈ ಮಾತ್ರ ಬೆವರಿತ್ತು.

ದಾಟಿದರು. ಬಾಗಿಲಿಗೆ ಎರಡು ಮಾರು ಇರುವಾಗ ಮುದುಕರು ನಿಂತರು. "ಬೇಡಪ್ಪಾ, ವಾಪಸ್ ಹೋಗೋಣ" ಎಂದರು. ವಾಪಸು ಬಂದರು. ಬಸ್ಸು ಬಂತು, ಹೋಯಿತು. ಮತ್ತೆ ದಾಟಿದರು, ಮತ್ತೆ ವಾಪಸು. ಇನ್ನೊಂದು ಬಸ್ಸೂ ಹೋಯಿತು. ಕತೆಗಾರ ಕೈ ಬಿಡಿಸಿಕೊಳ್ಳಲಿಲ್ಲ. ಕೊನೆಗೊಮ್ಮೆ ಅವನೇ ಗಟ್ಟಿ ಮನಸ್ಸು ಮಾಡಿ, ಇನ್ನೊಂದು ಏಟು ಬಿದ್ದರೂ ಬೀಳಲಿ ಎಂದುಕೊಂಡು, ಹಸಿರು ಬಾಗಿಲನ್ನು ನೂಕಿದ.

ಹತ್ತಿಯ ಸದ್ದು ನಿಂತಿತು. ಹಾಸಿಗೆಯವನು ತಲೆಯೆತ್ತಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹತ್ತಿರ ಬಂದು ಅಣ್ಣನ ಕೆನ್ನೆಯನ್ನು ಮೆಲ್ಲಗೆ ಸವರಿದ.

"ನಿನ್ನೆ ಜೋರಾಗಿ ಹೊಡೆದ್ಬಿಟ್ನಲ್ಲ. ನೋವಾಯ್ತಾ ಅಣ್ಣಾ?"

ಅಣ್ಣ ತಲೆಬುಡ ತಿಳಿಯದೆ ಸುಮ್ಮನೆ ಅಳತೊಡಗಿದರು. ಕತೆಗಾರ ತನ್ನ ಕೆನ್ನೆಯನ್ನು ತಾನೇ ಸವರಿಕೊಂಡು ಹೊರಗೆ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು. ಇಷ್ಟು ದಿನ ಬರೆದದ್ದು ಸಾರ್ಥಕವಾಯಿತು, ಇನ್ನು ಯಾರು ಏನೆಂದರೂ ಚಿಂತೆಯಿಲ್ಲ ಎಂದು ಬೀಗುತ್ತ ನಲ್ಲಿ ಅಂಗಡಿ ತಲುಪಿದಾಗ ಹತ್ತೂವರೆ ದಾಟಿತ್ತು.

ಭಾಮೈದ ಗಲ್ಲಾದ ಹಿಂದಿನಿಂದ ಗಡಿಯಾರ ನೋಡಿದ. "ಬನ್ನಿ ಭಾವ. ಮೊದಲ್ನೇ ದಿನವೇ ತಡ ಆಯ್ತಲ್ಲ, ಯಾಕೆ?"

ಕತೆಗಾರ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಜೀವನದಲ್ಲಿ ಮೊದಲ ಸಲ ರೆಕ್ಕೆಪುಕ್ಕ ಸೇರಿಸದೆ ಹೇಳಿದ. ಮುದುಕರ ಚೀಲ ಹೇಳಿದ, ಬೆವರಿದ ಅಂಗೈ ಹೇಳಿದ, ಹಸಿರು ಬಾಗಿಲು ಹೇಳಿದ. 

ಭಾಮೈದ ಕೊನೆಯವರೆಗೂ ಗೌರವದಿಂದ ಕೇಳಿದ. ಆಮೇಲೆ ಒಂದು ಬಚ್ಚಲ ನಲ್ಲಿಯನ್ನೂ ಒರೆಸುವ ಬಟ್ಟೆಯನ್ನೂ ಅವನ ಕೈಗಿಟ್ಟ.

"ತಪ್ಪು ತಿಳ್ಕೋಬೇಡಿ ಭಾವ. ಇದನ್ನ ನಿನ್ನೆ ಸಂಜೆ ನಾವೆಲ್ಲ ರೇಡಿಯೋದಲ್ಲಿ ಕೇಳಿದ್ದೀವಿ. ಕತೆ ಬರೆಯೋರು ಅಂತೀರಿ, ಸ್ವಂತದ್ದೊಂದು ಹೇಳೋಕೆ ಆಗ್ಲಿಲ್ವಾ? ಅರ್ಧ ದಿನದ ಸಂಬಳ ಕಟ್."